ಬರ್ತೇನೆ ಅನ್ನದೆ ಹೋದ ಸಿಸ್ಟರ್

ಮೊನ್ನೆ ಬೆಳಿಗ್ಗೆ ಜಗಲಿಯಲ್ಲಿ ಕೂತು ಬ್ಲೌಸಿಗೆ ಹುಕ್ ಹಚ್ಚುತ್ತಿದ್ದೆ. ಗೇಟಿನ ಎದುರು ಒಂದು ಆಟೋ ನಿಂತಿತು. ಕಡಬದ ಕಡೆಯ ಆಟೋ. ಯಾರನ್ನೋ ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಬಂದವರು, ಒಂದು ಚೀಲ ಕೊಡುವುದಕ್ಕೆಂದೇ ಕಬಕದ ನಮ್ಮ ಮನೆಯವರೆಗೆ ಬಂದಿದ್ದರು. "ಬ್ಲೌಸ್ ಹೊಲಿಯುವ ಅಕ್ಕನ ಮನೆ ಇದೇ ಅಲ್ವಾ?" ಎಂದು ಕೇಳಿ ಚೀಲವನ್ನು ನನ್ನ ಕೈಗೆ ಕೊಟ್ಟರು. ಹೊರಡುವ ಮೊದಲು ಒಂದು ಮಾತನ್ನೂ ಹೇಳಿದರು. ಅದನ್ನು ಈಗಲೇ ಬರೆದರೆ ಅದರಲ್ಲಿ ಅಂಥದ್ದೇನಿದೆ ಎಂದು ಯಾರಿಗಾದರೂ ಅನ್ನಿಸೀತು. ಹಾಗಾಗಿ ಸ್ವಲ್ಪ ಕಾಯಲಿ.

ಚೀಲದಲ್ಲಿದ್ದದ್ದು ಹಿಡಿಕೆಯಿರುವ ಒಂದು ಸ್ಟೀಲಿನ ಪಾತ್ರೆ, ಹಾಲು ತರುವಂಥದ್ದು. ಮುಚ್ಚಳ ಬಿಚ್ಚಿಕೊಳ್ಳದ ಹಾಗೆ ರಬ್ಬರ್ ಬ್ಯಾಂಡು ಹಾಕಿದ್ದರು. ತಿರುಗಿಸಿ ನೋಡಿದರೆ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ, ನನ್ನ ಅತ್ತೆಯ ಹೆಸರು. ನಮ್ಮದೇ ಪಾತ್ರೆ! ಮುಚ್ಚಳ ತೆಗೆದೆ. ಹುರಿದ ಕೊತ್ತಂಬರಿ, ಜೀರಿಗೆ, ಮೆಂತೆ, ಒಂದಿಷ್ಟು ಕಾಳುಮೆಣಸು… ಕಷಾಯದ ಪುಡಿ. ಆ ಪರಿಮಳ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಸುಮ್ಮನೆ ಕೂತುಬಿಟ್ಟೆ. ಆಮೇಲೆ ಆ ಬ್ಲೌಸಿನ ಕೆಲಸ ಆ ದಿನ ಮುಂದೆ ಹೋಗಲಿಲ್ಲ.

ಕೆಲವು ವರ್ಷಗಳ ಹಿಂದೆ, ಕೊರೋನಾಕ್ಕಿಂತ ಮೊದಲು, ನಮ್ಮ ಪಕ್ಕದ ಮನೆಯಲ್ಲಿ ಸಿಸ್ಟರ್ ಇದ್ದಳು. ನಮ್ಮದು ಲೈನ್ ಮನೆ. ಒಂದೇ ಮಾಡಿನ ಕೆಳಗೆ ಸಾಲಾಗಿ ಬಾಡಿಗೆ ಮನೆಗಳು. ಅವಳ ಜಗಲಿಗೂ ನಮ್ಮ ಜಗಲಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಗೋಡೆ. ಅವಳ ಊರು ಕಡಬದಿಂದ ಇನ್ನೂ ಒಳಗೆ. ಕೆಲಸ ಆಂಬುಲೆನ್ಸಿನಲ್ಲಿ, ಹಿಂದೆ ರೋಗಿಯ ಜೊತೆ ಕೂತು ಹೋಗುವ ನರ್ಸ್. ಅವಳನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ. ನನಗಿಂತ ಎಷ್ಟೋ ಚಿಕ್ಕವಳು. ನನ್ನ ಗಂಡನಿಗೆ ಮಡಿಕೇರಿಯಲ್ಲಿ ಬೇಕರಿ ಕೆಲಸವಾದ್ದರಿಂದ ಮನೆಯಲ್ಲಿ ಇರುತ್ತಿದ್ದದ್ದು ನಾನು, ಅತ್ತೆ ಇಬ್ಬರೇ. ನನ್ನ ಬಾಯಿಂದ ಕೇಳುವ ಸುದ್ದಿಗಳೆಲ್ಲ ಹಳಸಿದವು ಎಂದು ಅತ್ತೆಗೆ ಮೊದಲಿನಿಂದಲೂ ಒಂದು ದೂರು ಇತ್ತು. ಸಿಸ್ಟರ್ ಬಂದ ಮೇಲೆ ಆ ದೂರು ನಿಂತಿತು. ಅವಳು ಡ್ಯೂಟಿ ಮುಗಿಸಿ ಬಂದು, ಗೋಡೆಗೆ ಮೊಣಕೈ ಊರಿ, ಕಷಾಯದ ಲೋಟ ಹಿಡಿದುಕೊಂಡು ದೊಡ್ಡ ಸ್ವರದಲ್ಲಿ ನಗುತ್ತಾ ಮಾತಾಡುವಳು. ಆ ನಗುವಿಗೆ ಸಾಲಿನ ಕೊನೆಯ ಮನೆಯವರೂ ಒಮ್ಮೆ ಇಣುಕುವರು.

ಅತ್ತೆ ಯಾವುದಕ್ಕೂ ಹೆಚ್ಚು ಹಟ ಮಾಡುವವರಲ್ಲ, ಒಂದು ವಿಷಯ ಬಿಟ್ಟು. ಮನೆಯಿಂದ ಹೊರಡುವವರು 'ಹೋಗ್ತೇನೆ' ಎನ್ನಬಾರದು, 'ಬರ್ತೇನೆ' ಎನ್ನಬೇಕು. ನಮ್ಮ ಕಡೆ ಇದು ಯಾರಿಗೂ ಹೊಸತಲ್ಲ, ಮಕ್ಕಳಿಗೂ ಗೊತ್ತು. ಆದರೆ ಅತ್ತೆಯಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರನ್ನು ನಾನು ನೋಡಿಲ್ಲ. ಒಮ್ಮೆ ವಿಮೆಯ ಏಜೆಂಟರೊಬ್ಬರು ಬಂದು ತಲೆ ತಿಂದು, ಅಂತೂ ಎದ್ದು, "ಹಾಗಾದ್ರೆ ನಾನು ಹೋಗ್ತೇನೆ" ಎಂದರು. ಅತ್ತೆ ಅವರನ್ನು ಗೇಟಿನಿಂದ ವಾಪಸ್ ಕರೆದು, "ಹಾಗೆ ಹೇಳ್ಬಾರ್ದು ಮಾರಾಯ್ರೆ, ಬರ್ತೇನೆ ಹೇಳಿ" ಎಂದು ಸರಿ ಮಾಡಿಸಿಯೇ ಕಳಿಸಿದರು. ಅವರು ಮುಂದಿನ ವಾರ ನಿಜವಾಗಿಯೂ ಬಂದುಬಿಟ್ಟರು. ಆ ಕಾರಣಕ್ಕೆ ನಾನು ಅತ್ತೆಯನ್ನು ಬಹಳ ಕಾಲ ಕಾಡಿಸಿದ್ದೇನೆ.

ಸಿಸ್ಟರಿಗೆ ಈ ನಿಯಮ ಬಹಳ ಹಿಡಿಸಿತ್ತು. ಡ್ಯೂಟಿಗೆ ಹೊರಡುವಾಗ ಗೋಡೆಯ ಹತ್ತಿರ ನಿಂತು, "ಅಮ್ಮಾ, ಬರ್ತೇನೆ" ಎನ್ನದೆ ಹೋದವಳಲ್ಲ. ಅತ್ತೆ ಒಳಗೆ ಎಲ್ಲಿದ್ದರೂ, "ಆಯ್ತು ಮಗಾ, ಬಾ" ಎಂದು ಉತ್ತರ ಕೊಡುವರು. ಅಷ್ಟು ಆಗದೆ ಇಬ್ಬರಿಗೂ ಬೆಳಗಾದ ಹಾಗೆ ಆಗುತ್ತಿರಲಿಲ್ಲ. ಒಂದು ದಿನ ಸಿಸ್ಟರ್ ಹೇಳಿದಳು, "ಅಮ್ಮಾ, ನಿಮ್ಮ ಮಾತು ಆಂಬುಲೆನ್ಸಿಗೂ ಆಗ್ತದೆ." ರೋಗಿಯನ್ನು ಗಾಡಿಗೆ ಹತ್ತಿಸುವಾಗ ಮನೆಯವರು ಗೇಟಿನ ಹತ್ತಿರ ನಿಂತು ಕಣ್ಣು ಒರೆಸಿಕೊಳ್ಳುತ್ತಿರುತ್ತಾರಂತೆ. ಆಗ ಬಾಗಿಲು ಹಾಕುವ ಮೊದಲು ಇವಳು ರೋಗಿಯ ಪರವಾಗಿ, "ಬರ್ತೇವೆ, ಆಯ್ತಾ" ಎನ್ನುವಳಂತೆ. ಅವರು ಅಭ್ಯಾಸದಂತೆ "ಆಯ್ತು, ಬನ್ನಿ" ಎನ್ನುತ್ತಾರೆ, ಮುಖ ಸ್ವಲ್ಪ ಹಗುರವಾಗುತ್ತದೆ. ಇದನ್ನು ಕೇಳಿ ಅತ್ತೆಗೆ ಆದ ಖುಷಿ ಇಷ್ಟಿಷ್ಟಲ್ಲ. ತಾನು ಮನೆಯೊಳಗೆ ಕೂತೇ ಸುಳ್ಯದವರೆಗೆ ಹೋಗಿ ಬಂದ ಹಾಗೆ ಅವರಿಗೆ ಅನ್ನಿಸಿರಬೇಕು.

ಆಮೇಲೆ ಕೊರೋನಾ ಬಂತು. ಮೊದಲನೆಯ ವರ್ಷ ನಾವೆಲ್ಲ ಜಗಲಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆವು, ಬಟ್ಟಲು ಬಡಿದೆವು. ಸಿಸ್ಟರಿಗೆ ನಾಚಿಕೆಯಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ತಿಂಗಳು ಕಳೆಯುವುದರೊಳಗೆ ಅದೇ ಸಾಲಿನ ಒಂದಿಬ್ಬರು, ಆಂಬುಲೆನ್ಸಿನವರಿಗೆ ಬೇರೆ ಕಡೆ ಮನೆ ನೋಡಲು ಹೇಳಬಹುದಲ್ಲ ಎಂದು ಮನೆ ಯಜಮಾನರ ಕಿವಿಯಲ್ಲಿ ಊದಿದರು. ಯಜಮಾನರು ಒಳ್ಳೆಯವರು, ಕೇಳಿಯೂ ಕೇಳದ ಹಾಗೆ ಇದ್ದರು. ಸಿಸ್ಟರಿಗೆ ಮಾತ್ರ ಅದು ಹೇಗೋ ಗೊತ್ತಾಯಿತು. ಅಂದಿನಿಂದ ಅವಳು ಗೋಡೆಗೆ ಕೈ ಊರುವುದನ್ನು ಬಿಟ್ಟಳು.

ಅತ್ತೆ ಬಿಡಬೇಕಲ್ಲ. ಇದೇ ಪಾತ್ರೆಯಲ್ಲಿ ಕಷಾಯ ತುಂಬಿಸಿ ಗೋಡೆಯ ಮೇಲೆ ಇಟ್ಟರು. ಅವಳು ಕುಡಿದಳು, ಪಾತ್ರೆ ವಾಪಸ್ ಕೊಡಲಿಲ್ಲ. "ಇದು ನನ್ನ ಹತ್ರವೇ ಇರ್ಲಿ ಅಮ್ಮಾ, ನಾನು ಮುಟ್ಟಿದ್ದು ನಿಮಗೆ ಬೇಡ. ದಿನಾ ಇಲ್ಲಿ ಇಡ್ತೇನೆ, ನೀವು ಮೇಲಿಂದ ಹೊಯ್ದುಬಿಡಿ" ಎಂದಳು. ಹಾಗೇ ನಡೆಯಿತು. ಅವಳು ಪಾತ್ರೆಯನ್ನು ಗೋಡೆಯ ಮೇಲಿಟ್ಟು ಅಂಗಳದ ಆಚೆ ಬದಿಗೆ ಹೋಗಿ ನಿಲ್ಲುವುದು, ಅತ್ತೆ ಮುಟ್ಟದ ಹಾಗೆ ಮೇಲಿನಿಂದ ಕಷಾಯ ಹೊಯ್ಯುವುದು. ಒಂದು ದಿನ ಒಳಗೆ ಬಂದ ಅತ್ತೆ ಕಷಾಯ ಹೊಯ್ದ ಚೆಂಬು ಕೆಳಗಿಡುತ್ತಾ ಹೇಳಿದರು, "ನಮ್ಮ ಸಣ್ಣದ್ರಲ್ಲಿ ಕೆಲವರಿಗೆ ಹೀಗೆ ಮೇಲಿಂದ ಹೊಯ್ತಾ ಇದ್ರು. ಅದು ಹೋಯ್ತು ಅಂತ ನಾನು ಎಣಿಸಿದ್ದೆ. ಈ ಮಗುವಿಗೆ ನನ್ನ ಕೈಯಿಂದಲೇ ಹಾಗೆ ಹೊಯ್ಯುವ ಹಾಗೆ ಆಯ್ತಲ್ಲ." ಆ ದಿನ ಅವರು ಊಟವನ್ನು ಸರಿಯಾಗಿ ಮಾಡಲಿಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಅವಳ ಅವಸ್ಥೆ ನೋಡಲಿಕ್ಕೆ ಆಗುತ್ತಿರಲಿಲ್ಲ. ನಾನು ಹೊಲಿಯುವವಳು, ಜನರ ಮೈ ನನಗೆ ಬಟ್ಟೆಯಲ್ಲೇ ಗೊತ್ತಾಗುತ್ತದೆ. ಮೊದಲೆಲ್ಲ ಅವಳ ಯೂನಿಫಾರ್ಮಿನ ಸೈಡ್ ಹಿಡಿದು ಕೊಡುತ್ತಿದ್ದವಳು ನಾನೇ. ಈಗ ಅವಳು ಬಟ್ಟೆಯನ್ನು ನನಗೆ ಮುಟ್ಟಲು ಬಿಡುವುದಿಲ್ಲ. ಕುದಿಯುವ ನೀರಿನಲ್ಲಿ ಮುಳುಗಿಸಿ, ಒಗೆದು, ಬಿಸಿಲಿಗೆ ಹಾಕಿ, ಸೊಂಟದ ಹತ್ತಿರ ಪಿನ್ನು ಚುಚ್ಚಿಕೊಂಡು ಹೋಗುತ್ತಿದ್ದಳು. ಮೊದಲು ಒಂದು ಪಿನ್ನು ಇತ್ತು, ಆಮೇಲೆ ಎರಡೂ ಬದಿಗೆ ಬಂತು. ಪಿನ್ನಿನ ಕೆಳಗೆ ಬಟ್ಟೆ ಮಡಿಕೆಮಡಿಕೆಯಾಗಿ ನಿಲ್ಲುವುದನ್ನು ನೋಡಿದಾಗೆಲ್ಲ ನನ್ನ ಕೈ ತುರಿಸುತ್ತಿತ್ತು. ಒಂದು ಹೊಲಿಗೆ ಹಾಕಿದರೆ ಮುಗಿಯುವ ಕೆಲಸ, ಗೋಡೆಯಾಚೆ ಇದ್ದು ಮಾಡಲಿಕ್ಕಾಗದ ಕೆಲಸ…

ಡ್ಯೂಟಿಯಿಂದ ಬಂದವಳು ಹಿತ್ತಲಿನಲ್ಲಿ ತಲೆಗೆ ಸ್ನಾನ ಮಾಡಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರೆ ಏಳುತ್ತಲೇ ಇರಲಿಲ್ಲ. ಕೂದಲಿನಿಂದ ನೀರು ಇಳಿದು ಬೆನ್ನು ಒದ್ದೆಯಾದರೂ ಗೊತ್ತಾಗುತ್ತಿರಲಿಲ್ಲ. ನಮ್ಮ ಕುಕ್ಕರ್ ಕೂಗಿದರೆ ಬೆಚ್ಚಿ ಬೀಳುವಳು. ಅದನ್ನು ಕಂಡ ಮೇಲೆ ಅವಳು ಮನೆಯಲ್ಲಿರುವಾಗ ನಾನು ಕುಕ್ಕರ್ ಇಡುವುದನ್ನೇ ನಿಲ್ಲಿಸಿದೆ, ಅನ್ನವನ್ನು ಪಾತ್ರೆಯಲ್ಲಿಯೇ ಬೇಯಿಸಿದೆ. ಫೋನು ಬಡಿದುಕೊಂಡರೆ ಅದರ ಕಡೆ ನೋಡುವಳು, ಎತ್ತುವುದಿಲ್ಲ. ಒಂದು ದಿನ ಅವಳಾಗಿಯೇ ಹೇಳಿದಳು, "ಅಕ್ಕಾ, ನನಗೆ ಪೇಶೆಂಟ್‌ಗಳ ಮುಖ ನೆನಪೇ ಇಲ್ಲ. ಗೇಟು ಮಾತ್ರ ನೆನಪಾಗುದು. ಯಾವ ಗೇಟಿನ ಹತ್ರ ಯಾರು ನಿಂತಿದ್ರು ಅಂತ." ಮನೆಯವರು ಆಂಬುಲೆನ್ಸ್ ಹತ್ತುವ ಹಾಗಿಲ್ಲದ ದಿನಗಳು ಅವು. ಎಲ್ಲರ ಕೊನೆಯ ನೋಟವೂ ಗೇಟಿನಲ್ಲಿಯೇ ಮುಗಿಯುತ್ತಿತ್ತು.

ಐವರ್ನಾಡಿನ ಕಡೆಯ ಆ ಮನೆಯ ವಿಷಯವನ್ನು ಅವಳು ಹೇಳಿದ್ದು ಆ ಕಲ್ಲಿನ ಮೇಲೆ ಕೂತೇ. ಅದು ರಬ್ಬರ್ ಟ್ಯಾಪಿಂಗ್ ಮಾಡುವ ಒಬ್ಬರ ಮನೆ. ಅವರ ಹೆಂಡತಿಗೆ ಉಸಿರು ಕಟ್ಟಿತ್ತು. ಸುಳ್ಯದ ಗಾಡಿಗಳೆಲ್ಲ ಬೇರೆ ಬೇರೆ ಕಡೆ ಹೋಗಿದ್ದರಿಂದ ಪುತ್ತೂರಿನಿಂದ ಇವರು ಹೋಗಬೇಕಾಯಿತು. ದಾರಿ ಕೇಳಲಿಕ್ಕೆಂದು ಸಿಸ್ಟರ್ ತನ್ನ ಫೋನಿನಿಂದಲೇ ಅವರಿಗೆ ಕರೆ ಮಾಡಿದ್ದಳು. ಆ ಹೆಂಗಸನ್ನು ಗಾಡಿಗೆ ಹತ್ತಿಸಿ, ಬಾಗಿಲು ಹಾಕುವಾಗ ಯಾವಾಗಿನಂತೆ ಹೇಳಿದಳು, "ಬರ್ತೇವೆ, ಆಯ್ತಾ." ಆ ಮನುಷ್ಯ ತಲೆಯಾಡಿಸಿದರು. ಮಂಗಳೂರಿನವರೆಗೆ ಹೋಗಿ ಹೆಂಗಸನ್ನು ಆಸ್ಪತ್ರೆಗೆ ಸೇರಿಸಿ, ಇವರು ಇನ್ನೊಂದು ಕರೆಗೆ ಹೊರಟರು.

ಮರುದಿನ ಅವರು ಸಿಸ್ಟರಿಗೆ ಫೋನ್ ಮಾಡಿದರು. "ಸಿಸ್ಟರ್, ನಾನು ರೋಡಿನ ಹತ್ರ ಇದ್ದೇನೆ. ನೀವು ಎಷ್ಟು ಹೊತ್ತಿಗೆ ಬರ್ತೀರಿ?" ಎಂದು ಕೇಳಿದರು. ಇವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ತಿಳಿಯಿತು. ಗಾಡಿಯ ಜೊತೆ ಹೋಗಲಾಗದ, ಆಸ್ಪತ್ರೆಯೊಳಗೆ ಕಾಲಿಡಲಾಗದ ಆ ಮನುಷ್ಯನಿಗೆ ಉಳಿದದ್ದು ಆ ಒಂದೇ ಮಾತು. ಹೊರಡುವವರೆಲ್ಲ ಹೇಳುವ ಮಾತನ್ನು ಅವರು ಕೊಟ್ಟ ಮಾತು ಎಂದು ಹಿಡಿದುಕೊಂಡಿದ್ದರು. ಕರೆದುಕೊಂಡು ಹೋದವರೇ ಕರೆದುಕೊಂಡು ಬರುತ್ತಾರೆ ಎಂದು ಒಗೆದ ಸೀರೆ ತುಂಬಿದ ಚೀಲ ಹಿಡಿದು ರಸ್ತೆಯ ಬದಿಯಲ್ಲಿ ನಿಂತಿದ್ದರು. ಹೆಂಡತಿ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಹೋದ ಮೇಲೂ ಒಮ್ಮೆ ಫೋನ್ ಮಾಡಿದರಂತೆ. "ಹಾಗಾದ್ರೆ ನೀವೇ ಕರ್ಕೊಂಡು ಬರ್ತೀರಾ ಸಿಸ್ಟರ್? ನೀವು ಹೇಳಿದ್ರಲ್ಲ." ಆಗ ಹೆಣವನ್ನು ಊರಿಗೆ ತರುವ ಹಾಗಿರಲಿಲ್ಲ. ಅದನ್ನು ಹೇಳಬೇಕಾದವಳೂ ಇವಳೇ ಆದಳು.

"ಅವರು ಎರಡು ಬೈದಿದ್ರೆ ಒಳ್ಳೇದಿತ್ತು ಅಕ್ಕಾ" ಎಂದಳು. "'ಆಯ್ತು ಸಿಸ್ಟರ್, ನಿಮಗೆ ತೊಂದ್ರೆ ಆಯ್ತು' ಅಂತ ಹೇಳಿ ಫೋನ್ ಇಟ್ರು."

ಆ ದಿನದಿಂದ ಅವಳ ಬಾಯಲ್ಲಿ ಆ ಮಾತು ಬರಲಿಲ್ಲ. ಯಾವ ಗೇಟಿನಲ್ಲೂ ಬರಲಿಲ್ಲ, ನಮ್ಮ ಗೋಡೆಯ ಹತ್ತಿರವೂ ಬರಲಿಲ್ಲ. ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ, ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಹೋಗುವಳು. ಅತ್ತೆ ಗೋಡೆಯ ಹತ್ತಿರವೇ ಕಾಯುತ್ತಿದ್ದರು. ಅವಳು ಏನೂ ಹೇಳದಿದ್ದರೂ ಇವರು ಅವಳ ಬೆನ್ನಿಗೆ, "ಆಯ್ತು ಮಗಾ, ಬಾ" ಎನ್ನುವರು. ಯಾಕೆ ಹೀಗೆ ಮಾಡುತ್ತಾಳೆ ಎಂದು ನನ್ನನ್ನು ಪೀಡಿಸಿದಾಗ ಐವರ್ನಾಡಿನ ವಿಷಯವನ್ನು ಹೇಳಿಬಿಟ್ಟೆ. ಅತ್ತೆ, "ಆ ಮಾತನ್ನು ಗಾಡಿಗೆ ಹತ್ತಿಸಿದ್ದು ನಾನಲ್ವಾ" ಎಂದರು. ನಿಮ್ಮದೇನು ತಪ್ಪು ಎಂದು ಎಷ್ಟು ಹೇಳಿದರೂ ಅವರ ಮುಖ ಸರಿ ಹೋಗಲಿಲ್ಲ.

ಇಷ್ಟಾಗುವಾಗ ಅತ್ತೆಗೇ ಜ್ವರ ಬಂತು. ಎರಡು ದಿನ ಕಷಾಯದಲ್ಲೇ ಕಳೆದೆವು. ಮೂರನೆಯ ಬೆಳಿಗ್ಗೆ ಮಾತಾಡಿದರೆ ಏದುಸಿರು, ತುಟಿಗಳು ನೀಲಿ. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಬಂದ ಗಾಡಿಯಿಂದ ಇಳಿದದ್ದು ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟ ಒಬ್ಬಳು. ಮುಖ ಕಾಣುವಂತಿರಲಿಲ್ಲ. ಆದರೆ ನಮ್ಮ ಗೇಟಿನ ಚಿಲಕ ಸ್ವಲ್ಪ ಎತ್ತಿದರೆ ಮಾತ್ರ ಬಿಡುತ್ತದೆ. ಅವಳು ಬಂದವಳೇ ಎತ್ತಿ ತೆಗೆದಳು. ಸಿಸ್ಟರ್ ಎಂದು ನನಗೆ ಅಲ್ಲೇ ಗೊತ್ತಾಯಿತು.

ಸ್ಟ್ರೆಚರನ್ನು ಗಾಡಿಗೆ ಏರಿಸಿದರು. ನಾನು ಗೇಟಿನಲ್ಲಿ ನಿಂತೆ. ಇಷ್ಟು ದಿನ ಅವಳ ಬಾಯಲ್ಲಿ ಕೇಳಿದ ಗೇಟುಗಳಲ್ಲಿ ಈಗ ನಮ್ಮದೂ ಒಂದಾಯಿತು. ಗೊತ್ತಿದ್ದೂ ಗೊತ್ತಿದ್ದೂ ಕೇಳಿದೆ, ಕೇಳದೆ ಇರಲು ಆಗಲಿಲ್ಲ. "ಕರ್ಕೊಂಡು ಬರ್ತೀರಲ್ಲ ಸಿಸ್ಟರ್?" ಅವಳ ಕನ್ನಡಕದ ಒಳಗೆ ಮಂಜು ಕಟ್ಟಿತ್ತು. ಬಾಗಿಲನ್ನು ಅರ್ಧ ಎಳೆದವಳು ಅಲ್ಲೇ ನಿಂತಳು.

ಆಗ ಒಳಗಿನಿಂದ ಅತ್ತೆ ಆಕ್ಸಿಜನ್ ಮಾಸ್ಕನ್ನು ಒಂದು ಕೈಯಲ್ಲಿ ಸರಿಸಿದರು. ಮಾತು ತುಂಡು ತುಂಡಾಗಿ ಬಂತು. "ನೀನು ಎಂತ ಹೇಳುದೂ ಬೇಡ ಮಗಾ… ಹೋಗುವವಳು ನಾನು… ಹೇಳ್ಬೇಕಾದವಳೂ ನಾನೇ." ಆಮೇಲೆ ನನ್ನ ಕಡೆ ಕಣ್ಣು ತಿರುಗಿಸಿ, "ಬರ್ತೇನೆ" ಎಂದರು.

"ಆಯ್ತು, ಬನ್ನಿ" ಎಂದೆ. ಅಷ್ಟು ವರ್ಷ ದಿನವೂ ಕೇಳಿದ ಉತ್ತರವದು. ಅವತ್ತು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಅತ್ತೆ ಬಂದರು. ಅದೃಷ್ಟವೋ, ಔಷಧವೋ, ಅವರ ಹಟವೋ ನನಗೆ ಗೊತ್ತಿಲ್ಲ. ಬಿಡುಗಡೆಯ ದಿನ ಸಿಸ್ಟರ್ ರಜೆ ಹಾಕಿ ಆಟೋ ಮಾಡಿಕೊಂಡು ಹೋಗಿ ತಾನೇ ಕರೆದುಕೊಂಡು ಬಂದಳು. ಅತ್ತೆ ಅರ್ಧ ಆಗಿದ್ದರು. ಅವಳ ಕೈ ಹಿಡಿದು ಇಳಿದು, ಗೇಟಿನೊಳಗೆ ಒಂದು ಹೆಜ್ಜೆ ಇಟ್ಟು, ನನ್ನನ್ನಲ್ಲ, ಅವಳನ್ನು ನೋಡಿ ಹೇಳಿದರು, "ಬಂದೆ ನೋಡು." ಸಿಸ್ಟರ್ ಹಿತ್ತಲಿಗೆ ಹೋಗಿ ಆ ಕಲ್ಲಿನ ಮೇಲೆ ಕೂತು ಅತ್ತಳು. ದೊಡ್ಡ ಸ್ವರದಲ್ಲಿ ನಗುತ್ತಿದ್ದವಳು ಅದೇ ಸ್ವರದಲ್ಲಿ ಅತ್ತಳು. ಸಾಲಿನ ಕೊನೆಯ ಮನೆಯವರೂ ಹೊರಗೆ ಬಂದು ನಿಂತರು.

ಇನ್ನು ಇವಳು ಸರಿಯಾದಳು ಎಂದು ನಾನು ಎಣಿಸಿದ್ದೆ. ಹಾಗೆ ಆಗಲಿಲ್ಲ. ಕಾಯಿಲೆ ಇಳಿಯಿತು, ಅಂಗಡಿಗಳು ತೆರೆದವು, ಮದುವೆಗಳು ಶುರುವಾಗಿ ನನಗೂ ಬ್ಲೌಸುಗಳ ರಾಶಿ ಬಂತು. ಎಲ್ಲರೂ ಮರೆಯಲು ಹೊರಟ ಹೊತ್ತಿಗೆ ಅವಳಿಗೆ ಎಲ್ಲ ನೆನಪಾಗಲು ಶುರುವಾಯಿತು. ಆ ಗಡಿಬಿಡಿಯಲ್ಲಿ ಅಳಲಿಕ್ಕೂ ಪುರುಸೊತ್ತು ಇರಲಿಲ್ಲವಲ್ಲ, ಪುರುಸೊತ್ತು ಸಿಕ್ಕಿದ ಮೇಲೆ ಒಂದೊಂದೇ ಗೇಟು ಬಂದು ಎದುರು ನಿಲ್ಲುತ್ತಿತ್ತೇನೋ. ಯೂನಿಫಾರ್ಮ್ ತೊಟ್ಟು, ಬೂಟು ಹಾಕಿ, ಮೆಟ್ಟಿಲಿನ ಮೇಲೆ ಕೂತು, ಏಳಲಾಗದೆ ಬಿಚ್ಚಿ ಒಳಗೆ ಹೋದ ದಿನಗಳೂ ಇದ್ದವು. ಮಂಗಳೂರಿನ ಡಾಕ್ಟರೊಬ್ಬರು ಸ್ವಲ್ಪ ಕಾಲ ಈ ಕೆಲಸ ಬಿಡು ಎಂದರಂತೆ. ಅವಳು ಕೆಲಸ ಬಿಟ್ಟಳು, ಮನೆಯನ್ನೂ ಬಿಟ್ಟಳು.

ಹೊರಡುವ ದಿನ ಗೋಡೆಯ ಹತ್ತಿರ ಬಂದು ನಿಂತಳು. ಹೆಗಲಲ್ಲಿ ಒಂದು ಬ್ಯಾಗು, ಕೈಯಲ್ಲಿ ಒಂದು. ನಾನು, ಅತ್ತೆ ಇಬ್ಬರೂ ಈಚೆ ಇದ್ದೆವು. ಇವತ್ತಾದರೂ ಆ ಮಾತು ಬಂದೀತು ಎಂದು ನನಗೆ ಆಸೆ. ಅವಳು ಕೈಯ ಬ್ಯಾಗನ್ನು ಗೋಡೆಯ ಮೇಲಿಟ್ಟಳು, ಮತ್ತೆ ಎತ್ತಿಕೊಂಡಳು. ಆಮೇಲೆ ಸಣ್ಣ ಸ್ವರದಲ್ಲಿ, "ಅಮ್ಮಾ, ಹೋಗ್ತೇನೆ" ಎಂದಳು.

ವಿಮೆಯ ಏಜೆಂಟನ್ನು ಗೇಟಿನಿಂದ ವಾಪಸ್ ಕರೆದ ನನ್ನ ಅತ್ತೆ ಅವಳನ್ನು ತಿದ್ದಲಿಲ್ಲ. ಗೋಡೆಯ ಮೇಲಿಂದ ಕೈ ಚಾಚಿ ಅವಳ ಕೆನ್ನೆ ಸವರಿದರು. "ಹೋಗು ಮಗಾ" ಎಂದರು. "ಹೋಗಿ ನಿದ್ದೆ ಮಾಡು."

ಅವಳು ಹೋದ ಮೇಲೆ ನಾನು ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ, ಒಂದು ಮಾತು ಹೇಳಿಸಬಹುದಿತ್ತಲ್ಲ ಎಂದು. "ಎಷ್ಟು ಜನರಿಗೆ ಅಂತ ಆ ಮಗು ಬರ್ತೇನೆ ಹೇಳುದು ಮಾರಾಯ್ತಿ. ಒಮ್ಮೆ ಸುಮ್ಮನೆ ಹೋಗ್ಲಿ" ಎಂದರು ಅತ್ತೆ. ಪಾತ್ರೆಯನ್ನೂ ಅವಳು ತೆಗೆದುಕೊಂಡು ಹೋಗಿದ್ದಳು. ಅತ್ತೆಯ ಮದುವೆಯಲ್ಲಿ ಅವರ ತವರಿನವರು ಕೊಟ್ಟ ಪಾತ್ರೆಯದು, ನಾನು ಅದನ್ನೂ ಎತ್ತಿ ಹೇಳಿದೆ. "ಇರ್ಲಿ, ಅವಳ ಹತ್ರ ಇರ್ಲಿ" ಎಂದು ಆ ವಿಷಯವನ್ನು ಅಲ್ಲಿಗೇ ಬಿಟ್ಟರು.

ಆಮೇಲೆ ಅವಳ ಸುದ್ದಿ ಇಲ್ಲ. ಫೋನಿನ ನಂಬರೂ ಬದಲಾಗಿತ್ತು. ಅತ್ತೆ ಮಾತ್ರ ರಸ್ತೆಯಲ್ಲಿ ಸೈರನ್ ಕೇಳಿದರೆ ಗೋಡೆಯವರೆಗೆ ಹೋಗಿ ಬರುವರು. ಅವಳು ಆ ಗಾಡಿಯಲ್ಲಿಲ್ಲ ಎಂದು ನಾನು ಹೇಳಿದರೆ, "ಗೊತ್ತುಂಟು, ಗಾಡಿಯಲ್ಲಿ ಇರುವವರಿಗೆ ಒಬ್ಬರು ಹೇಳ್ಬೇಡ್ವಾ" ಎಂದು, ಹೋಗುವ ಗಾಡಿಗೆ ಇಲ್ಲಿಂದಲೇ "ಬನ್ನಿ" ಎನ್ನುವರು. ಹೋದ ಮಳೆಗಾಲದ ಆಟಿ ತಿಂಗಳಲ್ಲಿ ಅವರು ತೀರಿಕೊಂಡರು. ಕೊರೋನಾ ಅಲ್ಲ, ವಯಸ್ಸು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಜೀವನವಿಡೀ ಊರಿಗೆಲ್ಲ ಆ ಒಂದು ಮಾತು ಹೇಳಿಸಿದವರು ತಾವು ಹೊರಡುವಾಗ ಏನೂ ಹೇಳದೆ ಹೋದರು… ಅದು ನನಗೆ ಈಗಲೂ ನುಂಗಲಾಗದ ಸಂಗತಿ.

ಈಗ ಆಟೋದವರ ಮಾತಿಗೆ ಬರುತ್ತೇನೆ. ಚೀಲ ಕಳಿಸಿದ್ದು ಸಿಸ್ಟರ್ ಎಂದು ಅವರು ಹೇಳಿದಾಗ, ಅವಳು ಹೇಗಿದ್ದಾಳೆ ಎಂದು ಕೇಳಿದೆ. "ಒಳ್ಳೇದುಂಟು ಅಕ್ಕಾ. ನಮ್ಮ ಊರಿನ ಸಣ್ಣ ಆಸ್ಪತ್ರೆಯಲ್ಲಿ ಮಕ್ಕಳಿಗೆ ಇಂಜೆಕ್ಷನ್ ಕೊಡುದು ಅವರೇ. ಮಕ್ಕಳಿಗಿಂತ ಜಾಸ್ತಿ ಅವರೇ ನಗುದು" ಎಂದರು. ಆಟೋ ಸ್ಟಾರ್ಟ್ ಮಾಡಿದವರು ಮತ್ತೆ ತಲೆ ಹೊರಗೆ ಹಾಕಿದರು. "ಹಾಂ, ಅಮ್ಮನಿಗೆ ಒಂದು ಮಾತು ಹೇಳ್ಬೇಕಂತೆ. ಸಿಸ್ಟರ್ 'ಬರ್ತೇನೆ' ಅಂತ ಹೇಳಿದ್ದಾರೆ."

"ಯಾವಾಗ ಅಂತೆ?"

"ಅದೆಲ್ಲ ಗೊತ್ತಿಲ್ಲ. ಬರ್ತೇನೆ ಅಂತ ಅಷ್ಟೇ. ಮರೀಬೇಡಿ ಅಂತ ಎರಡೆರಡು ಸಲ ಹೇಳಿದ್ರು."

ಅವರಿಗೆ ಅದು ದಿನಾ ಕೇಳುವ ಸಾದಾ ಮಾತು. ನಾನು ಗೇಟು ಹಿಡಿದುಕೊಂಡು ನಿಂತೆ. ಅಮ್ಮ ಇಲ್ಲ ಎಂದು ಆಗಲೇ ಹೇಳಬೇಕಿತ್ತೇನೋ. ಆ ಸುದ್ದಿ ಆಟೋದಲ್ಲಿ ಹೋಗಿ ಅವಳಿಗೆ ಮುಟ್ಟುವುದು ನನಗೆ ಬೇಡವಾಯಿತು. ಅದೂ ಇನ್ನೊಂದು ಗೇಟು ಆಗಿಬಿಟ್ಟರೆ? ಅತ್ತೆ ಇದ್ದಿದ್ದರೆ ಏನು ಹೇಳುತ್ತಿದ್ದರೋ ಅದನ್ನೇ ಹೇಳಿದೆ. "ಆಯ್ತು, ಬಾ ಅಂತ ಹೇಳಿ" ಎಂದೆ.

ನಮ್ಮಲ್ಲಿ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ, ಏನಾದರೂ ತುಂಬಿಸಿಯೇ ಕೊಡುವುದು. ಅದಕ್ಕೇ ಅವಳು ಪುಡಿ ತುಂಬಿಸಿ ಕಳಿಸಿದ್ದಾಳೆ. ಅದನ್ನು ನಾನು ಇನ್ನೂ ಬೇರೆ ಡಬ್ಬಿಗೆ ಹಾಕಿಲ್ಲ. ಅವಳು ಬರಲಿ. ಬಂದು, ಗೋಡೆಯ ಹತ್ತಿರ ನಿಂತು, ಒಳಗೆ ನೋಡಿ "ಅಮ್ಮಾ" ಎಂದು ಕರೆಯುತ್ತಾಳೆ, ಅದು ನನಗೆ ಗೊತ್ತು. ಆಗ ಅವಳನ್ನು ಈಚೆ ಕರೆದು ನಮ್ಮ ಜಗಲಿಯಲ್ಲಿ ಕೂರಿಸುತ್ತೇನೆ. ಅದೇ ಪುಡಿಯ ಕಷಾಯ ಮಾಡಿ, ಮೇಲಿಂದ ಹೊಯ್ಯದೆ, ಲೋಟವನ್ನು ಅವಳ ಕೈಗೆ ಕೊಡುತ್ತೇನೆ. ಅವಳು ಕುಡಿದು ಮುಗಿಸಿದ ಮೇಲೆ ಅತ್ತೆಯ ವಿಷಯ ಹೇಳುತ್ತೇನೆ.